ಬೆಳಿಗ್ಗೆ ಏಳರ ಫೋನು

ನಮ್ಮ ಮನೆಗೆ ಕಂಪ್ಯೂಟರ್ ಬಂದದ್ದು ಆಳುಗಳ ಹಾಜರಿ ಬರೆಯುವುದಕ್ಕೆ. ಎರಡು ಸಾವಿರದ ಇಸವಿ ದಾಟಿ ನಾಲ್ಕೈದು ವರ್ಷ ಆಗಿತ್ತು. ಯಜಮಾನರು ಒಂದು ತಿಂಗಳು ಅದರ ಜೊತೆ ಜಗಳ ಆಡಿ ಮತ್ತೆ ಹಾಜರಿ ಪುಸ್ತಕಕ್ಕೇ ಹೋದರು. "ನಿನ್ನ ಕಾನ್ವೆಂಟ್ ಇಂಗ್ಲಿಷಿಗೆ ಇದೇ ಸರಿ, ಇಟ್ಕೋ" ಎಂದು ಅದನ್ನು ಆಫೀಸ್ ರೂಮಿನಿಂದ ಹಾಲಿಗೆ ಎತ್ತಿಸಿ, ಫೋನಿನ ಪಕ್ಕದಲ್ಲಿ ಇಡಿಸಿದರು. ಫೋನಿನ ಪಕ್ಕವೇ ಯಾಕೆಂದರೆ ಇಂಟರ್ನೆಟ್ ಬರುತ್ತಿದ್ದದ್ದು ಆ ತಂತಿಯಲ್ಲೇ. ಕನೆಕ್ಟ್ ಮಾಡಿದರೆ ಅದು ಗಂಟಲು ಕಟ್ಟಿದ ಹುಂಜದ ಹಾಗೆ ಕೂಗಿ ಆಮೇಲೆ ಸುಮ್ಮನಾಗುತ್ತಿತ್ತು. ಅದು ಸುಮ್ಮನಾಯಿತೆಂದರೆ ಫೋನೂ ಸುಮ್ಮನಾಯಿತು ಎಂದರ್ಥ. ಹೊರಗಿನಿಂದ ಯಾರು ಮಾಡಿದರೂ ಎಂಗೇಜ್ ಟೋನ್.

ಸಕಲೇಶಪುರದ ಕಂಪ್ಯೂಟರ್ ಅಂಗಡಿಯವರು ನನಗೊಂದು ಐಡಿ ಮಾಡಿಕೊಟ್ಟರು. ನಮ್ಮ ಬೋರ್ಡಿಂಗ್ ಸ್ಕೂಲಿನ ಹುಡುಗಿಯರೆಲ್ಲ ಒಂದು ಸೈಟಿನಲ್ಲಿ ಗುಂಪು ಮಾಡಿಕೊಂಡಿದ್ದರು. ಹುಡುಗಿಯರು ಅನ್ನುತ್ತೇನೆ, ಎಲ್ಲರಿಗೂ ಐವತ್ತೈದು ದಾಟಿತ್ತು. ಒಬ್ಬಳು ಆಸ್ಟ್ರೇಲಿಯಾದಲ್ಲಿ, ಒಬ್ಬಳು ಮಂಗಳೂರಿನಲ್ಲಿ, ಒಬ್ಬಳು ಎಲ್ಲಿದ್ದಾಳೆ ಎಂದು ಕೊನೆಗೂ ಹೇಳಲಿಲ್ಲ. ನಲವತ್ತು ವರ್ಷ ನನ್ನನ್ನು ಯಾರೂ ಕರೆಯದ ನನ್ನ ಸ್ಕೂಲ್ ನಿಕ್‌ನೇಮ್ ಹಿಡಿದು ಕರೆದರು. ಅಷ್ಟಕ್ಕೇ ನಾನು ಬಿದ್ದುಹೋದೆ, I admit. ಮದುವೆಯಾಗಿ ಈ ಗುಡ್ಡಕ್ಕೆ ಬಂದಮೇಲೆ ನಾನು ಅಮ್ಮೋರು, ಅತ್ತೆ, ಚಿಕ್ಕಮ್ಮ ಎಲ್ಲ ಆಗಿದ್ದೆ. ಆ ಹೆಸರಿನವಳು ಎಲ್ಲಿಗೋ ಹೋಗಿಬಿಟ್ಟಿದ್ದಳು.

ಮೊದಮೊದಲು ಮಧ್ಯಾಹ್ನ ಒಂದು ಗಂಟೆ. ಆಮೇಲೆ ಸಂಜೆಯೂ. ಆಮೇಲೆ ಬೆಳಿಗ್ಗೆ ಕಾಫಿಗೆ ನೀರಿಟ್ಟು, ಅದು ಕುದಿಯುವುದರೊಳಗೆ ಯಾರು ಏನು ಬರೆದಿದ್ದಾರೆ ಎಂದು ನೋಡಿ ಬರುವುದು. ನೀರು ಬತ್ತಿ ಪಾತ್ರೆ ಸೀದ ದಿನಗಳೂ ಇವೆ. ಆಸ್ಟ್ರೇಲಿಯಾದವಳ ನಾಯಿಗೆ ಹಲ್ಲು ಕೀಳಿಸಿದ್ದು ನನಗೆ ಗೊತ್ತಿತ್ತು. ನಮ್ಮ ಆಳುಗಳ ಲೈನ್ ಮನೆಗಳಲ್ಲಿ ಯಾರ ಮಗುವಿಗೆ ಜ್ವರ ಎಂದು ಯಜಮಾನರು ಕೇಳಿದರೆ ಗೊತ್ತಿರಲಿಲ್ಲ. ಮೊದಲು ಅದನ್ನೆಲ್ಲ ನಾನೇ ಅವರಿಗೆ ಹೇಳುತ್ತಿದ್ದೆ.

ಹಳ್ಳದ ಆಚೆ ದಡದ ತೋಟ ಅಕ್ಕನದು. ಒಡಹುಟ್ಟಿದವರಲ್ಲ, ನನಗಿಂತ ಆರೇಳು ವರ್ಷ ದೊಡ್ಡವರು ಎಂದು ಅಕ್ಕ. ಆಲೂರಿನ ಸರ್ಕಾರಿ ಶಾಲೆಯಲ್ಲಿ ಏಳನೇ ಕ್ಲಾಸಿನವರೆಗೆ ಓದಿದವರು. ಗಂಡ ಹೋದಮೇಲೆ, ಭಾವಂದಿರು "ಹೆಂಗಸು ಹೆಂಗೆ ತೋಟ ಮಾಡ್ತಾಳೆ" ಎಂದು ಕೇಳುತ್ತಿರುವಾಗಲೇ, ಹದಿನಾರು ವರ್ಷದಿಂದ ಮಾಡುತ್ತಲೇ ಇದ್ದರು. ನಾನು ಈ ಮನೆಗೆ ಬಂದ ಮೊದಲ ವಾರ, ಹಿತ್ತಿಲಿನಲ್ಲಿ ಜಿಗಣೆ ಕಂಡು ಕಿರುಚಿದಾಗ, ಹಳ್ಳ ದಾಟಿ ಓಡಿಬಂದು ಕಾಲಿಗೆ ಸುಣ್ಣ ಹಚ್ಚಿದ್ದು ಅವರೇ. "ಇಂಗ್ಲಿಷಿನಾಗೆ ಕಿರುಚ್ತಾಳೆ ಮಾರಾಯ್ತಿ" ಎಂದು ಅದನ್ನು ಎಷ್ಟು ವರ್ಷ ಹೇಳಿಕೊಂಡು ನಕ್ಕರೋ.

ಮಾರ್ಚ್ ತಿಂಗಳು ಹುಟ್ಟಿದರೆ ಬೆಳಿಗ್ಗೆ ಏಳಕ್ಕೆ ಅಕ್ಕನ ಫೋನು ಬರುತ್ತಿತ್ತು. ಕಾಫಿ ತೋಟದವರಿಗೆ ಮಾರ್ಚಿನಲ್ಲಿ ಬೇರೆ ಮಾತಿಲ್ಲ. ಹೂಮಳೆ. ಒಂದು ಇಂಚು ಅಂದರೆ ನೂರು ಸೆಂಟ್ ಬಿದ್ದರೆ ರೊಬಸ್ಟಾ ಚೆನ್ನಾಗಿ ಹೂ ಬಿಡುತ್ತದೆ. ಮೂವತ್ತೋ ನಲವತ್ತೋ ಬಿದ್ದು ನಿಂತುಹೋದರೆ, ಬೀಳದೇ ಇದ್ದದ್ದಕ್ಕಿಂತ ಕಷ್ಟ. ಮೊಗ್ಗು ಎಚ್ಚರಾಗಿ, ಬಾಯಾರಿ, ಅಲ್ಲೇ ಕಮರುತ್ತದೆ. ಹಾಗಾದಾಗ ಎರಡು ದಿನದೊಳಗೆ ಸ್ಪ್ರಿಂಕ್ಲರ್ ಹಾಕಿ ಉಳಿದ ನೀರು ಕೊಡಬೇಕು. ನಮ್ಮ ಗುಡ್ಡಗಳಲ್ಲಿ ಮಳೆ ಮುಖ ನೋಡಿ ಬೀಳುತ್ತದೆ. ಹಳ್ಳದ ಈಚೆ ಎಂಬತ್ತು ಬಿದ್ದರೆ ಆಚೆ ಹತ್ತು.

"ಏನೇ, ಎದ್ದಿದ್ಯಾ? ಎಷ್ಟು ಬಿತ್ತು?"

"ನಲವತ್ತೈದು ಅಕ್ಕ. ನಿಮ್ಗೆ?"

"ಹನ್ನೆರಡು ಕಣೇ. ನಾಯಿ ಕಾಲೆತ್ತಿ ಹೋದಂಗೆ."

ಯಜಮಾನರ ಕ್ಲಬ್ ಫ್ರೆಂಡ್ಸ್ ಹೇಳುವ ಅಂಕಿಗಳನ್ನು ಅಕ್ಕ ನಂಬುತ್ತಿರಲಿಲ್ಲ. "ಗಂಡಸ್ರು ಕ್ಲಬ್ಬಿನಾಗೆ ಹೇಳೋ ಮಳೇಲಿ ಹತ್ತು ಸೆಂಟು ವಿಸ್ಕಿ ಇರ್ತದೆ. ನೀನು ಗ್ಲಾಸ್ ನೋಡಿ ಹೇಳು." ನಾನು ನೈಟಿಯಲ್ಲೇ ಹೊರಗೆ ಹೋಗಿ, ಮಳೆ ಅಳೆಯುವ ಗ್ಲಾಸನ್ನು ಕಣ್ಣಿನ ಮಟ್ಟಕ್ಕೆ ಹಿಡಿದು ನೋಡಿ ಬಂದು ಹೇಳುತ್ತಿದ್ದೆ.

ಈ ಫೋನು ಬರೀ ಹರಟೆಯಲ್ಲ. ಎರಡು ತೋಟಕ್ಕೂ ಸೇರಿ ಒಂದೇ ಪಂಪ್‌ಸೆಟ್ಟು ಮತ್ತು ಪೈಪು ಇದ್ದವು. ಅಕ್ಕನ ಯಜಮಾನರು ಇದ್ದಾಗ ಇಬ್ಬರೂ ಸೇರಿ ತಂದದ್ದು. ಪಂಪನ್ನು ಎಳೆದೊಯ್ಯುವ ಟ್ರ್ಯಾಕ್ಟರ್ ನಮ್ಮದಾದ್ದರಿಂದ ಎಲ್ಲವೂ ನಮ್ಮ ಶೆಡ್ಡಿನಲ್ಲಿರುತ್ತಿತ್ತು. ಮಳೆಯಾದ ಬೆಳಿಗ್ಗೆ ಇಬ್ಬರೂ ಅಂಕಿ ಹೇಳಿಕೊಳ್ಳುವುದು, ಯಾರಿಗೆ ಕಡಿಮೆಯೋ ಅವರಿಗೆ ಮೊದಲ ಸರದಿ, ಇಬ್ಬರಿಗೂ ಸಾಕಾಗಿದ್ದರೆ ಬೇಕಾದ ನೆಂಟರಿಗೆ ಕೊಡಬಹುದು. ಕಾಗದದಲ್ಲಿ ಬರೆದ ಒಪ್ಪಂದವೇನಲ್ಲ. ಏಳು ಗಂಟೆಯ ಫೋನೇ ಒಪ್ಪಂದ.

ಆ ವರ್ಷ ಮೊದಲ ಮಳೆ ಸಂಜೆ ಗುಡುಗಿಕೊಂಡು ಬಂತು. ಬೆಳಿಗ್ಗೆ ಆರೂಕಾಲಿಗೆ ಎದ್ದು ಗ್ಲಾಸ್ ನೋಡಿದೆ. ತೊಂಬತ್ತಾರು. ಗ್ಲಾಸಿನ ಹಿಂದೆ ಒದ್ದೆಯಾದ ಕಾಫಿ ಕಣ, ಅದರ ಹಿಂದೆ ಮಂಜು. ಡಿಜಿಟಲ್ ಕ್ಯಾಮೆರಾದಲ್ಲಿ ಫೋಟೋ ತೆಗೆದೆ. ತುಂಬಾ ಚೆನ್ನಾಗಿ ಬಂದಿತ್ತು. ಒಳಗೆ ಬಂದು ಕನೆಕ್ಟ್ ಮಾಡಿ ಅದನ್ನು ಗುಂಪಿಗೆ ಹಾಕಲು ಕೂತೆ. "96 cents! Blossom shower at last!" ಎಂದು ಬರೆದೆ. ಆಗ ಒಂದು ಫೋಟೋ ಏರಲು ಅರ್ಧ ಗಂಟೆ, ಮುಕ್ಕಾಲು ಗಂಟೆ. ನಡುವೆ ಕಡಿದುಹೋದರೆ ಮತ್ತೆ ಮೊದಲಿನಿಂದ. ಅವತ್ತು ಎರಡು ಸಲ ಕಡಿಯಿತು. ನಾನು ಮತ್ತೆ ಮತ್ತೆ ಹಚ್ಚಿದೆ.

ಎಂಟು ಗಂಟೆಗೆ ಯಜಮಾನರು ಶೆಡ್ಡಿನ ಕಡೆಯಿಂದ ಬಂದು ಬಾಗಿಲಲ್ಲಿ ನಿಂತರು. ಆಲೂರಿನ ಹತ್ತಿರದ ಅವರ ದೊಡ್ಡಪ್ಪನ ಮಗ ಪಂಪ್‌ಸೆಟ್ ಬೇಕೆಂದು ಹಿಂದಿನ ದಿನವೇ ಹೇಳಿ ಕಳಿಸಿದ್ದರು.

"ಅಕ್ಕನ ಫೋನ್ ಬಂತೇನೇ?"

"ಇಲ್ಲ ರೀ."

"ಹಂಗಾದ್ರೆ ಅವ್ರಿಗೂ ಬಿದ್ದಿರಬೇಕು. ಕಡಿಮೆ ಆಗಿದ್ರೆ ಇಷ್ಟೊತ್ತಿಗೆ ಮಾಡ್ದೆ ಇರ್ತಿದ್ರಾ?"

"ಇರ್ಬೇಕು."

"ಕಳ್ಸಿಬಿಡ್ಲಾ?"

"ಕಳ್ಸಿ."

ಲೈನು ನಾನೇ ಹಿಡಿದು ಕೂತಿದ್ದೆ, ಫೋನು ಬರಲು ಸಾಧ್ಯವೇ ಇರಲಿಲ್ಲ ಎನ್ನುವುದು ಆ ಗಳಿಗೆಯಲ್ಲಿ ಹೊಳೆಯಲಿಲ್ಲ ಎಂದು ನಾನು ಬಹಳ ದಿನ ಹೇಳಿಕೊಂಡೆ. ಈಗ ಬರೆಯುವಾಗ ಹಾಗೆ ಹೇಳಲಾರೆ. ಹೊಳೆದಿತ್ತು. ಸ್ಕ್ರೀನಿನ ಮೇಲೆ ನೀಲಿ ಪಟ್ಟಿ ಮುಕ್ಕಾಲು ದಾಟಿತ್ತು. ಇನ್ನು ಹತ್ತು ನಿಮಿಷ, ಆಮೇಲೆ ನಾನೇ ಮಾಡಿದರಾಯಿತು ಅಂದುಕೊಂಡೆ. ಹೊರಗೆ ಟ್ರ್ಯಾಕ್ಟರ್ ಸ್ಟಾರ್ಟ್ ಆಗಿ, ಗೇಟು ದಾಟಿ, ಆಲೂರಿನ ರಸ್ತೆ ಹಿಡಿದ ಸದ್ದು ಕೇಳಿತು. ಫೋಟೋ ಏರಿತು. ಮಂಗಳೂರಿನವಳು ಕೂಡಲೇ ಬರೆದಳು: "96 cents only? ಕಾಫಿ ಅಷ್ಟು cheapಆ?" ಅವಳಿಗೆ ಸೆಂಟ್ ಎಂದರೇನು ಎಂದು ವಿವರಿಸಲು ಇನ್ನೊಂದು ಅರ್ಧ ಗಂಟೆ.

ಒಂಬತ್ತರ ಮೇಲೆ ಅಕ್ಕನ ತೋಟದ ಲೆಕ್ಕ ಬರೆಯುವ ರೈಟರ್ ಬಂದ. ಹಳ್ಳ ದಾಟಿ ಬಂದದ್ದಕ್ಕೆ ಪ್ಯಾಂಟು ಮಂಡಿಯವರೆಗೆ ಒದ್ದೆ. ಕಣದ ಅಂಚಿನಲ್ಲೇ ಚಪ್ಪಲಿ ಬಿಟ್ಟು, ಮೆಟ್ಟಿಲು ಹತ್ತದೆ ಕೆಳಗೆ ನಿಂತ. ಸಾವಿನ ಮನೆಗೆ ಬಂದವರು ನಿಲ್ಲುವ ಹಾಗೆ.

"ಅಮ್ಮೋರೆ, ಏನಾದ್ರೂ ಕೆಟ್ಟ ಸುದ್ದಿ ಬಂದೈತಾ?"

"ಇಲ್ವಲ್ಲ. ಯಾಕೆ?"

"ನಮ್ಮ ಅಮ್ಮೋರು ಆರೂವರೆಯಿಂದ ಫೋನ್ ಮಾಡ್ತಾವ್ರೆ. ಎಂಗೇಜು, ಎಂಗೇಜು. ಇಷ್ಟೊತ್ತು ಯಾರೂ ಮಾತಾಡಾಕಿಲ್ಲ, ಅವ್ಳ ತವರಿನಾಗೆ ಯಾರೋ ಹೋಗ್ಬುಟ್ಟವ್ರೆ, ಅಂಥಾ ಹೊತ್ತಿನಾಗೆ ಪಂಪು ಗಿಂಪು ಅಂತ ಆಳು ಕಳ್ಸಬಾರ್ದು ಅಂತ ಕಾದ್ರು. ಆಮೇಲೆ ತಡೀನಾರ್ದೆ ನನ್ನ ಕಳ್ಸಿದ್ರು. ಮೊದ್ಲು ಮನೇಲೆಲ್ಲ ಸಂದಾಕಿದಾರಾ ಕೇಳು, ಆಮೇಲೆ ಪಂಪು ಕೇಳು ಅಂದ್ರು."

"ಎಷ್ಟು ಬಿತ್ತು ಅಲ್ಲಿ?"

"ಮೂವತ್ತೊಂದು."

ಅವನು ಬಾಗಿಲಿನಿಂದ ಒಳಗೆ ನೋಡಿದ. ಸ್ಕ್ರೀನು ಬೆಳಗುತ್ತಿತ್ತು. ಫೋನಿನ ತಂತಿ ಅದರ ಬೆನ್ನಿಗೆ ಚುಚ್ಚಿಕೊಂಡಿತ್ತು. ಅವನಿಗೆ ಅರ್ಥವಾಯಿತೋ ಇಲ್ಲವೋ. "ಹಂಗಾದ್ರೆ ಯಾರಿಗೂ ಏನೂ ಆಗಿಲ್ಲ," ಅಂದ, ಪ್ರಶ್ನೆಯಲ್ಲ, ವರದಿ ಒಪ್ಪಿಸಲು ಬಾಯಿಪಾಠ ಮಾಡಿಕೊಳ್ಳುವವನ ಹಾಗೆ.

ಯಜಮಾನರಿಗೆ ಹೇಳಿದೆ. ಅವರು ತಲೆಗೆ ಕೈ ಇಟ್ಟುಕೊಂಡು ಕಟ್ಟೆಯ ಮೇಲೆ ಕೂತರು. ಆಲೂರಿಗೆ ಫೋನ್ ಮಾಡಿದರು. ಅಲ್ಲಿ ಅಷ್ಟೊತ್ತಿಗೆ ಪೈಪು ಎಳೆದು ಜೋಡಿಸುತ್ತಿದ್ದರು. ದಾಯಾದಿ, ಅದರಲ್ಲೂ ಹಿರಿಯ. "ಕಳ್ಸಿದ್ದನ್ನ ಅರ್ಧ ದಿನಕ್ಕೆ ವಾಪಸ್ ಕೇಳಿದ್ರೆ ಮನೆತನದ ಮಾತಾಗ್ತದೆ," ಅಂದರು. ಆದರೂ ಕೇಳಿದರು. ಆಲೂರಿನವರು ನಾಳೆ ಅಂದರು. ನಾಳೆ ಮತ್ತೆ ನಾಳೆ ಅಂದರು. ಯಜಮಾನರು ವನಗೂರಿನವರೆಗೂ ಜೀಪ್ ಓಡಿಸಿ ಬೇರೆ ಪಂಪು ಸಿಗುತ್ತದಾ ಎಂದು ನೋಡಿ ಬಂದರು. ಮೊದಲ ಮಳೆಯ ವಾರದಲ್ಲಿ ಯಾರ ಪಂಪು ಖಾಲಿ ಇರುತ್ತದೆ? ನಮ್ಮ ಟ್ರ್ಯಾಕ್ಟರ್ ನಾಲ್ಕನೇ ದಿನ ಸಂಜೆ ವಾಪಸ್ ಬಂತು. ನೇರ ಅಕ್ಕನ ತೋಟಕ್ಕೇ ಕಳಿಸಿದೆವು. ಅವರು ನೀರು ಹಾಯಿಸಿದರು. ಬಿಸಿಲು ನಾಲ್ಕು ದಿನ ತನ್ನ ಕೆಲಸ ಮಾಡಿ ಮುಗಿಸಿತ್ತು.

ಒಂಬತ್ತನೇ ದಿನ ನಮ್ಮ ತೋಟ ಬೆಳ್ಳಗಾಯಿತು. ಆ ವಾಸನೆಗೆ ತಲೆ ಭಾರವಾಗುತ್ತದೆ, ಮಲ್ಲಿಗೆಗಿಂತ ದಪ್ಪ ವಾಸನೆ. ನಾನು ಫೋಟೋ ತೆಗೆದೆ. ಹಾಕಿದೆ. ಹನ್ನೊಂದು ಜನ ಬರೆದರು. ಒಬ್ಬಳು "heaven" ಅಂದಳು. ನಾನು "thank you, dear" ಅಂತ ಟೈಪ್ ಮಾಡಿದ್ದು ನೆನಪಿದೆ. ಏನು ಅನ್ನಿಸಿತು ಎಂದು ಕೇಳಿದರೆ, ಏನೂ ಅನ್ನಿಸಲಿಲ್ಲ. ಬೆರಳುಗಳು ಮಾಡಿದವು.

ಅವತ್ತು ಮಧ್ಯಾಹ್ನ ಹಳ್ಳ ದಾಟಿ ಹೋದೆ. ಅಕ್ಕ ತೋಟದಲ್ಲೇ ಇದ್ದರು, ಸೆರಗು ಸೊಂಟಕ್ಕೆ ಸಿಕ್ಕಿಸಿಕೊಂಡು. "ಬಾ, ನೋಡು ಬಾ," ಎಂದು ಕರೆದುಕೊಂಡು ಹೋದರು. ಗಿಡದಲ್ಲಿ ಅಲ್ಲೊಂದು ಇಲ್ಲೊಂದು ಗೊಂಚಲು ಬಿಳಿ. ಉಳಿದದ್ದು ಅರ್ಧ ಬಾಯಿ ಬಿಟ್ಟು ಹಾಗೇ ಕೆಂಪಾಗಿ ಒಣಗಿದ ಮೊಗ್ಗು. ಒಂದು ಕೊಂಬೆಯನ್ನು ನನ್ನ ಕೈಗೆ ಕೊಟ್ಟರು. ನಾನು ಹಿಡಿದುಕೊಂಡು ನಿಂತೆ. ಮೊಗ್ಗುಗಳು ಬೆರಳಿಗೆ ತಾಕಿದಲ್ಲೆಲ್ಲ ಉದುರಿದವು.

"ಸಾರಿ ಅಕ್ಕ," ಅಂದೆ.

"ಆ ಮಾತು ನೀನು ಕಾಲು ತುಳಿದ್ರೂ ಹೇಳ್ತೀಯ."

ಕನ್ನಡದಲ್ಲಿ ಏನಾದರೂ ಹೇಳಬೇಕಿತ್ತು. ಬಾಯಿಗೆ ಬರಲಿಲ್ಲ. ಕಾನ್ವೆಂಟಿನ ಸಿಸ್ಟರ್‌ಗಳು ನಮಗೆ ಸಾರಿ, ಥ್ಯಾಂಕ್ ಯೂ ಎಷ್ಟು ಚೆನ್ನಾಗಿ ಕಲಿಸಿದ್ದರೆಂದರೆ ಅದರಾಚೆ ಹೋಗುವ ಅಭ್ಯಾಸವೇ ಆಗಲಿಲ್ಲ.

"ಅಷ್ಟೊತ್ತು ಏನ್ ನೋಡ್ತಿದ್ದೆ ಅದ್ರಾಗೆ?" ಅಕ್ಕ ಕೇಳಿದರು. ಕೋಪವಿರಲಿಲ್ಲ. ನಿಜವಾಗಿಯೂ ತಿಳಿದುಕೊಳ್ಳಬೇಕಿತ್ತು ಅವರಿಗೆ.

"ಒಂದು ಫೋಟೋ ಹಾಕ್ತಿದ್ದೆ."

"ಯಾವುದ್ರದ್ದು?"

"ಮಳೆ ಗ್ಲಾಸಿಂದು. ಎಷ್ಟು ಬಿತ್ತು ಅಂತ."

ಅಕ್ಕ ಕೊಂಬೆಯನ್ನು ನನ್ನ ಕೈಯಿಂದ ಬಿಡಿಸಿಕೊಂಡರು. ಆಮೇಲೆ, "ಯಾರಿಗೆ ಹೇಳಾಕೆ?" ಅಂದರು.

ನನ್ನ ಉತ್ತರಕ್ಕೆ ಅವರು ಕಾಯಲಿಲ್ಲ. "ಹೋಗ್ಲಿ ಬುಡು. ನಿಮ್ಮ ತವರಿನಾಗೆ ಯಾರೂ ಹೋಗಿರ್ಲಿಲ್ವಲ್ಲ, ಶಿವ ದೊಡ್ಡೋನು. ನಾನು ಪಾಪ ನಿಮ್ಮಮ್ಮನೇ ಇರ್ಬೇಕು ಅನ್ಕಂಡು ಸ್ನಾನ ಮಾಡಿ, ಬರಾಕೆ ಸೀರೆನೂ ಉಟ್ಕಂಡಿದ್ದೆ," ಎಂದರು. ಮನೆಗೆ ಕರೆದು ಕಾಫಿ ಕೊಟ್ಟರು. ಚಕ್ಕುಲಿ ಕೊಟ್ಟರು. ಎರಡನೇ ಸಲ ಹಾಕಿಕೊಳ್ಳಲು ಒತ್ತಾಯ ಮಾಡಲಿಲ್ಲ. ಅವರ ಮನೆಯಲ್ಲಿ ನನಗೆ ಅದು ಮೊದಲು.

ಯಜಮಾನರು ಆಮೇಲೆ ಎರಡನೇ ಫೋನ್ ಲೈನಿಗೆ ಅರ್ಜಿ ಹಾಕಿದರು. ಮಳೆಗಾಲ ಮುಗಿಯುವಾಗ ಲೈನೂ ಬಂತು. ಹೊಸ ನಂಬರನ್ನು ಚೀಟಿಯಲ್ಲಿ ಬರೆದು ಅಕ್ಕನ ಮನೆಗೆ ಕಳಿಸಿದೆವು. ಅವರಿಗೆ ಆ ವರ್ಷ ಫಸಲು ಇರಲಿಲ್ಲ. ಕೊಯ್ಲಿನ ದಿನಗಳಲ್ಲಿ ಅವರ ಆಳುಗಳು ನಮ್ಮ ತೋಟಕ್ಕೆ ಬಂದರು. ಅಕ್ಕನೇ ಕಳಿಸಿದ್ದರು, ಲೈನ್ ಮನೆಗಳಲ್ಲಿ ಸುಮ್ಮನೆ ಕೂರಬಾರದೆಂದು. ಮದುವೆ, ಗೃಹಪ್ರವೇಶಗಳಲ್ಲಿ ಸಿಗುತ್ತಿದ್ದೆವು. ಪಕ್ಕದಲ್ಲೇ ಕೂತು ಊಟ ಮಾಡುತ್ತಿದ್ದೆವು. ಏನೇ ಹೇಗಿದ್ಯಾ, ಅನ್ನುತ್ತಿದ್ದರು. ಚೆನ್ನಾಗಿದ್ದೀನಿ ಅಕ್ಕ, ಅನ್ನುತ್ತಿದ್ದೆ. ಜಗಳವಾಗಿದ್ದರೆ ರಾಜಿಯಾದರೂ ಮಾಡಿಕೊಳ್ಳಬಹುದಿತ್ತು.

ನಾನು ಸೈಟ್ ಬಿಟ್ಟೆನಾ ಎಂದು ಈಗಿನ ಮಕ್ಕಳು ಕೇಳುತ್ತಾರೆ, ಕಥೆಯ ನೀತಿ ಕೇಳುವ ಹಾಗೆ. ಬಿಡಲಿಲ್ಲ. ಇನ್ನೂ ಜಾಸ್ತಿ ಕೂತೆ. ಮನೆಯಲ್ಲಿ ಹೇಗೂ ಬೆಳಿಗ್ಗೆ ಫೋನು ಬರುವುದು ನಿಂತಿತ್ತು.

ಮರುವರ್ಷ ಮಾರ್ಚಿನಲ್ಲಿ ಮಳೆ ಬಂದು ಹೋದ ಬೆಳಿಗ್ಗೆ, ಏಳಾಯಿತು, ಏಳೂವರೆಯಾಯಿತು. ಗ್ಲಾಸಿನಲ್ಲಿ ಎಂಬತ್ತೆಂಟು ಇತ್ತು. ಯಜಮಾನರು ಪೇಪರ್ ಓದುತ್ತಿದ್ದವರು ತಲೆ ಎತ್ತಿ, "ಅಲ್ಲಿ ಎಷ್ಟು ಬಿತ್ತಂತೆ?" ಅಂದರು. ಗೊತ್ತಿಲ್ಲ ಅಂದೆ. "ನೀನೇ ಮಾಡಿ ಕೇಳ್ಬಾರ್ದಾ?" ಅಂದರು. ರಿಸೀವರ್ ಎತ್ತಿದೆ. ಡಯಲ್ ಟೋನ್ ಇತ್ತು. ನಂಬರ್ ಕೈಗೆ ಬಾಯಿಪಾಠ. ಅಷ್ಟರಲ್ಲಿ ಹಳ್ಳದ ಆಚೆಯಿಂದ ಡೀಸೆಲ್ ಎಂಜಿನ್ ಕೆಮ್ಮಿ ಹತ್ತಿಕೊಂಡ ಸದ್ದು ಬಂತು. ನಮ್ಮ ಪಂಪಿನ ಸದ್ದಲ್ಲ, ಅದು ನಮ್ಮ ಶೆಡ್ಡಿನಲ್ಲೇ ಇತ್ತು. ಅಕ್ಕ ಹೊಸದು ತಂದಿದ್ದರು. ತಂದದ್ದು ನಮಗೆ ಗೊತ್ತೇ ಇರಲಿಲ್ಲ. ಸ್ಪ್ರಿಂಕ್ಲರ್ ಮೊದಲು ಉಗುಳಿ, ಆಮೇಲೆ ಹದಕ್ಕೆ ಬಂದು ಟಕಟಕ ತಿರುಗತೊಡಗಿತು.

"ಕಡಿಮೆ ಬಿದ್ದಿದೆ," ಎಂದು ಯಜಮಾನರಿಗೆ ಹೇಳಿ ರಿಸೀವರ್ ಇಟ್ಟೆ.