ಎತ್ತುವವರ ಬೆನ್ನು

ಚೆನ್ನೈನ ಕ್ರೋಂಪೇಟೆಯ ನಮ್ಮ ವೃದ್ಧರ ನರ್ಸಿಂಗ್ ಹೋಮಿನಲ್ಲಿ ಸಿಬ್ಬಂದಿಯ ಆರೋಗ್ಯಕ್ಕೆಂದು ವರ್ಷಕ್ಕೊಂದು ದಿನ ಮೀಸಲು. ಈ ಸಲ ಯೋಗದ ಮೇಷ್ಟ್ರೊಬ್ಬರು ಬಂದು, ನಡು ಬಗ್ಗಿಸಿ ಕಾಲ್ಬೆರಳು ಮುಟ್ಟಿ ಎಂದರು. ದಿನವಿಡೀ ಬಗ್ಗುವುದೇ ಕೆಲಸವಾದ ಆಯಾಗಳು ಸಲೀಸಾಗಿ ಬಗ್ಗಿದರು. ಏಳಲು ಮಾತ್ರ ಗೋಡೆ ಬೇಕಾಯಿತು. ಆಮೇಲೆ ಎಲ್ಲರಿಗೂ ಒಂದೊಂದು ಬಾಳೆಹಣ್ಣು ಕೊಟ್ಟರು.

ಗೋಡೆ ಹಿಡಿದು ಎದ್ದವರಲ್ಲಿ ಉಡುಪಿ ಕಡೆಯವಳೊಬ್ಬಳು. ಗಂಡ ಹೋಟೆಲಿನಲ್ಲಿ ದೋಸೆ ಹೊಯ್ಯಲು ಈ ಊರಿಗೆ ಬಂದ, ಇವಳು ಮುದುಕರನ್ನು ಎತ್ತಲು ನಮ್ಮಲ್ಲಿ ಸೇರಿದಳು. ಡಿಸ್ಕ್ ಜಾರಿದೆ, ಇನ್ನು ಭಾರ ಎತ್ತಕೂಡದು ಎಂದು ಡಾಕ್ಟರು ಹೇಳಿದ್ದರು. ಎತ್ತಲಾಗದ ಆಯಾಳನ್ನು ಮಾಲೀಕರು ಇಟ್ಟುಕೊಳ್ಳುವವರಲ್ಲ. ಅವರಿಗೆ ಹೇಳಬೇಡಿ ಎಂದು ಹೆಡ್ ನರ್ಸ್ ಆದ ನನಗೆ ಅವಳು ಕೈ ಮುಗಿದಳು. ನನಗೆ ಸಿಟ್ಟು ಬಂತು, ಅವಳ ಮೇಲಲ್ಲ.

ಎತ್ತುವ ಯಂತ್ರ ನಮ್ಮಲ್ಲಿ ಇಲ್ಲದೆ ಇರಲಿಲ್ಲ. ಬಟ್ಟೆಯ ಜೋಲಿಯಲ್ಲಿ ರೋಗಿಯನ್ನು ಕೂರಿಸಿ ಗುಂಡಿ ಒತ್ತಿದರೆ, ಹಾಸಿಗೆಯಿಂದ ಎತ್ತಿ ಕುರ್ಚಿಗೆ ಇಳಿಸುತ್ತದೆ. ದುಬಾರಿ ವಸ್ತು ಹಾಳಾದೀತೆಂದು ಮಾಲೀಕರು ಅದರ ಪ್ಲಾಸ್ಟಿಕ್ ಹೊದಿಕೆ ತೆಗೆಸಿರಲಿಲ್ಲ. ಆಯುಧಪೂಜೆಯ ಗಂಧ ಕುಂಕುಮವೂ ಹೊದಿಕೆಗೇ ಸಲ್ಲುತ್ತಿತ್ತು. ಒಂದು ಬೆಳಿಗ್ಗೆ ನಾನು ಯಾರನ್ನೂ ಕೇಳದೆ ಅದನ್ನು ಹರಿದು ಹಾಕಿದೆ.

ಆದರೆ ಅವಳು ದಿನಾ ಎತ್ತಬೇಕಿದ್ದ ಅಜ್ಜ ಒಪ್ಪಬೇಕಲ್ಲ. ತಲೆಮಾರುಗಳಿಂದ ಇಲ್ಲೇ ನೆಲೆಸಿದ ಕನ್ನಡದ ಮನೆತನ, ಎಣ್ಣೂರಿನ ಬಂದರಿನಲ್ಲಿ ಕ್ರೇನ್ ನಡೆಸಿ ನಿವೃತ್ತರಾದವರು, ಆಳೂ ದಪ್ಪ. ಕನ್ನಡ ಮಾತಾಡುವಳೆಂದು ಅವರಿಗೆ ಇವಳೇ ಬೇಕು. ಯಂತ್ರ ನೋಡಿ ತಲೆ ಅಲ್ಲಾಡಿಸಿ, ತಮ್ಮ ತಮಿಳು ಬೆರೆತ ಕನ್ನಡದಲ್ಲಿ ಹೇಳಿದರು.

"ನಾನೇನು ಕಂಟೇನರಾಮ್ಮಾ? ಕ್ರೇನ್ ಸಮಾಚಾರ ನಂಗೆ ನಲ್ಲಾ ಗೊತ್ತು. ವೇಂಡಾಂ, ಬೇಡವೇ ಬೇಡ."

ಹಾಗಾದರೆ ನೀವೇ ನಡೆಸಿ ಎಂದು ರಿಮೋಟನ್ನು ಅವರ ಕೈಗಿಟ್ಟೆ. ಯಾರನ್ನು ಎತ್ತುವುದು ಎಂದು ಕೇಳಿದರು. ಆಯಾ ಹೋಗಿ ಜೋಲಿಯಲ್ಲಿ ಕೂತಳು. ಪಟ್ಟಿಗಳನ್ನು ನಾನೇ ಬಿಗಿದೆ. ಅಜ್ಜ ಕೊಕ್ಕೆಗಳನ್ನೆಲ್ಲ ದಿಟ್ಟಿಸಿ ನೋಡಿ, ನನ್ನನ್ನು ದೂರ ಸರಿಯಲು ಹೇಳಿ, ಗುಂಡಿ ಒತ್ತಿದರು. ಅವಳು ಮೆಲ್ಲಗೆ ಮೇಲೇರಿದಳು, ಒಂದಿಷ್ಟೂ ಅಲುಗಾಟವಿಲ್ಲ. ಅಜ್ಜನ ಮುಖಕ್ಕೆ ಬಹಳ ದಿನದ ಮೇಲೆ ಕಳೆ ಬಂತು. ನಾಳೆಯಿಂದ ತಾವೂ ಕೂರುವುದಾಗಿ, ರಿಮೋಟ್ ಮಾತ್ರ ತಮ್ಮ ಕೈಯಲ್ಲೇ ಇರಬೇಕೆಂದು ಹೇಳಿದರು. ನನಗೆ ಕುಣಿಯುವಷ್ಟು ಖುಷಿಯಾಯಿತು. ಅವಳನ್ನು ಇಳಿಸಿ ಎಂದೆ.

ಜೋಲಿಯಲ್ಲಿ ಅವಳು ಕಣ್ಣು ಮುಚ್ಚಿದ್ದಳು.

"ಸ್ವಲ್ಪ ಹಾಗೇ ಇರ್ಲಿ ಅಜ್ಜ. ಈಗ ಬೆನ್ನು ನೋಯುದಿಲ್ಲ. ಇಳಿದ್ರೆ ಮತ್ತೆ ಬರ್ತದೆ."

ಅಜ್ಜ ಗುಂಡಿಯಿಂದ ಬೆರಳು ತೆಗೆದರು. ಪಕ್ಕದ ಕೋಣೆಯ ಅಜ್ಜಿ, ತನ್ನನ್ನು ಎತ್ತಿ ಕೂರಿಸಲು ಆಯಾಳನ್ನು ಕೂಗಿದರು. ನಾನೇ ಹೋದೆ.