ಬಣ್ಣ ಹೊಡೆಯದ ಮನೆ

ಬಣ್ಣದಕ್ಕನಿಗೆ ಮೂಗಿನ ತುದಿಯಲ್ಲೇ ಕೋಪ ಎಂದು ಎಲ್ಲರೂ ಹೇಳುತ್ತಾರೆ. ಹೇಳುವವರಿಗೇನು ಕಷ್ಟ? ಇಪ್ಪತ್ತನಾಲ್ಕು ವರ್ಷ ಕಂಡವರ ಗೋಡೆ ಕೆರೆದು, ಪುಟ್ಟಿ ಹಚ್ಚಿ, ಬಣ್ಣ ಹೊಡೆದು, ಸಂಜೆ ತನ್ನ ಬಾಡಿಗೆ ಮನೆಗೆ ಬಂದರೆ ಅಲ್ಲೊಂದು ಮೊಳೆ ಹೊಡೆಯಲೂ ಮಾಲೀಕನ ಅಪ್ಪಣೆ ಬೇಕು. ಅಪ್ಪಣೆ ಸಿಗಲಿಲ್ಲ, ಹಾಗಾಗಿ ಗೋಡೆ ಗಡಿಯಾರ ಹನ್ನೊಂದು ವರ್ಷದಿಂದ ಕುರ್ಚಿಯ ಮೇಲೆ ಕೂತಿದೆ. ಮಾಲೀಕ ತಿಂಗಳಿಗೊಮ್ಮೆ ಬಂದು ಗೋಡೆಗಳನ್ನು ಸವರಿ ನೋಡುತ್ತಾನೆ. ಗೋಡೆ ಎಂದರೇನು ಎಂದು ಅವಳಿಗೇ ಪಾಠ ಹೇಳಿ ಹೋಗುತ್ತಾನೆ.

ಇರುವ ಮನೆಗೆ ಬಣ್ಣ ಹೊಡೆಯುವುದು ಬೇರೆ, ಮಾರುವ ಮನೆಗೆ ಹೊಡೆಯುವುದು ಬೇರೆ. ಇರುವ ಮನೆಯಾದರೆ ತೇವ ಎಲ್ಲಿಂದ ಬರುತ್ತಿದೆ ಎಂದು ಹುಡುಕಬೇಕು. ಮಾರುವ ಮನೆಯಲ್ಲಿ ಹುಡುಕುವಂತಿಲ್ಲ, ಮುಚ್ಚಬೇಕು. ಅದೂ ರಿಜಿಸ್ಟ್ರೇಷನ್ ಮುಗಿದು, ಕೊಂಡವರು ಸಾಮಾನು ಜೋಡಿಸಿಕೊಂಡು, ಒಂದು ಮಳೆಗಾಲ ಬರುವ ತನಕ ಬಾಯಿ ಬಿಡದ ಹಾಗೆ ಮುಚ್ಚಬೇಕು. ಈ ವಿದ್ಯೆಯಲ್ಲಿ ಬಣ್ಣದಕ್ಕನನ್ನು ಮೀರಿಸುವವರಿರಲಿಲ್ಲ. ಬ್ರೋಕರ್ ಎಂಬ ಬ್ರೋಕರ್‌ಗಳೆಲ್ಲ ಅವಳನ್ನೇ ಕರೆಯುತ್ತಿದ್ದರು. ಒಬ್ಬಳಿಂದ ಆಗದೆ ಹತ್ತು ಹನ್ನೆರಡು ಹೆಂಗಸರಿಗೆ ಕೆಲಸ ಕಲಿಸಿದಳು. ಅವರೆಲ್ಲ ಈಗ ತಮ್ಮ ತಮ್ಮ ತಂಡ ಕಟ್ಟಿಕೊಂಡಿದ್ದಾರೆ.

ಹೀಗಾಗಿ, ಸರಕು ಗಾಡಿ ಓಡಿಸುವ ಗಂಡ ಒಂದು ದಿನ "ಇನ್ನು ನಮ್ಮದೂ ಅಂತ ಒಂದು ಸೂರು ನೋಡೋಣ" ಎಂದಾಗ ಅವಳು ಒಂದೇ ಒಂದು ಷರತ್ತು ಹಾಕಿದಳು. ಹೊಸ ಬಣ್ಣ ಇರುವ ಮನೆಯ ಹೊಸಿಲು ತುಳಿಯುವುದಿಲ್ಲ.

ಗಂಡ ಆಗಲೇ ಒಂದು ಫ್ಲ್ಯಾಟ್ ನೋಡಿ ಮನಸೋತಿದ್ದ. ಹಾಲಿನಂಥ ಗೋಡೆ, ಮುಖ ಕಾಣುವ ನೆಲ.

"ಬೆಳ್ಳಗಿರೋದೆಲ್ಲ ಹಾಲಲ್ಲ ರೀ," ಎಂದಳು. "ಆ ಗೋಡೆ ಒಳಗೆ ಏನಿದೆ ಅಂತ ನನ್ನ ಕೇಳಿ."

"ಏನಿದೆ?"

"ನಾನೇ ಹೊಡೆದಿದ್ದು ಕಣ್ರೀ."

ಗಂಡ ಮತ್ತೆ ಫ್ಲ್ಯಾಟಿನ ಮಾತೆತ್ತಲಿಲ್ಲ.

ಕೊನೆಗೆ ಸಿಕ್ಕಿದ್ದು ಮೇಷ್ಟ್ರ ಮನೆ. ರಿಟೈರಾಗಿ ಮಗಳ ಊರಿಗೆ ಹೊರಟಿದ್ದ ಈ ಮೇಷ್ಟ್ರ ಜಿಪುಣತನ ಬೀದಿಗೆಲ್ಲ ಗೊತ್ತು. ನಲವತ್ತು ವರ್ಷದಲ್ಲಿ ಮನೆಗೆ ಒಂದು ಡಬ್ಬ ಬಣ್ಣ ತಂದವರಲ್ಲ. ಅಡುಗೆಮನೆ ಕಪ್ಪು, ಬಚ್ಚಲಲ್ಲಿ ಪಾಚಿ, ಸ್ವಿಚ್ಚುಗಳು ಅಜ್ಜನ ಕಾಲದವು, ಮಲಗುವ ಕೋಣೆಯ ಮೂಲೆಯಲ್ಲಿ ತೇವ ಇಳಿದು ಗೋಡೆ ಉದುರುತ್ತಿತ್ತು. ಕರೆತಂದ ಬ್ರೋಕರ್‌ಗೆ ತೋರಿಸಲು ನಾಚಿಕೆ. ಬಣ್ಣದಕ್ಕನಿಗೆ ಮಾತ್ರ ಕಣ್ಣು ತುಂಬಿಬಂತು. ಈ ಮನೆಯಲ್ಲಿ ಯಾರೂ ಯಾರಿಗೂ ಏನನ್ನೂ ಮುಚ್ಚಿಟ್ಟಿರಲಿಲ್ಲ.

ಬೆಳಗಿನಿಂದ ಮಧ್ಯಾಹ್ನದವರೆಗೆ ಅವಳು ಆ ಮನೆಯನ್ನು ಜಾಲಾಡಿದಳು. ಕೆರೆಯುವ ಪಟ್ಟಿಯ ಹಿಡಿಯಿಂದ ಗೋಡೆಗಳನ್ನು ಕುಟ್ಟಿ ಕಿವಿಗೊಟ್ಟಳು. ನಲ್ಲಿಗಳನ್ನೆಲ್ಲ ಒಟ್ಟಿಗೆ ಬಿಟ್ಟು ನೋಡಿದಳು. ಬಚ್ಚಲಿಗೆ ನಾಲ್ಕು ಬಕೆಟ್ ನೀರು ಸುರಿದು, ಹೊರಗೋಡಿ ಗೋಡೆಯ ಬುಡ ಮುಟ್ಟಿದಳು. ಕಪಾಟಿನೊಳಗೆ ತಲೆ ತೂರಿಸಿ ಮೂಸಿದಳು. ವೈರು ಬದಲಿಸಬೇಕು, ಬದಲಿಸಬಹುದು. ಮೂಲೆಯ ತೇವ ಒಡೆದ ಮೋರಿ ಕೊಳವೆಯದು, ಒಂದು ದಿನದ ಕೆಲಸ. ಎಲ್ಲಕ್ಕೂ ಮದ್ದಿತ್ತು, ಒಂದನ್ನು ಬಿಟ್ಟು.

ನಡುಮನೆಯಲ್ಲಿ ಕಿಟಕಿಯ ಮೂಲೆಯಿಂದ ನೆಲದವರೆಗೆ ಓರೆಯಾಗಿ ಒಂದು ಬಿರುಕು ಇಳಿದಿತ್ತು. ಹಳೆಯ ಬಿರುಕು ಬೆಳೆಯದೆ ನಿಂತಿದ್ದರೆ ಯಾವ ಭಯವೂ ಇಲ್ಲ. ಇನ್ನೂ ಬೆಳೆಯುತ್ತಿದ್ದರೆ ಪಾಯ ಕುಸಿಯುತ್ತಿದೆ ಎಂದರ್ಥ. ಅಂಥ ಮನೆಗೆ ದುಡ್ಡು ಹಾಕುವುದೂ ಒಂದೇ, ಬಾವಿಗೆ ಹಾಕುವುದೂ ಒಂದೇ. ಬರೀ ನೋಟದಿಂದ ಇದನ್ನು ಯಾವನೂ ಹೇಳಲಾರ. ಬಣ್ಣದಕ್ಕ ಬಿರುಕಿಗೆ ಅಡ್ಡವಾಗಿ ಎರಡು ಬೆರಳಗಲ ಪುಟ್ಟಿಯ ತೇಪೆ ಹಾಕಿದಳು, ಆರಿದ ಮೇಲೆ ಪೆನ್ಸಿಲಿನಲ್ಲಿ ತಾರೀಖು ಬರೆದಳು. ಪುಟ್ಟಿ ಒಣಗಿದರೆ ಗಾಜಿನಂತೆ ಪೆಡಸು. ಗೋಡೆ ಕೂದಲೆಳೆಯಷ್ಟು ಕದಲಿದರೂ ಸೀಳುತ್ತದೆ.

"ಮೇಷ್ಟ್ರೇ, ಎರಡು ತಿಂಗಳು ಬಿಟ್ಟು ಬರ್ತೀನಿ. ತೇಪೆ ಸೀಳದೆ ಇದ್ದರೆ ಮನೆ ನಮಗೆ."

"ಎರಡು ತಿಂಗಳು ಯಾರಿಗೂ ಕೊಡಲ್ಲಮ್ಮ. ಮಾತು ಅಂದ್ರೆ ಮಾತು," ಎಂದರು ಮೇಷ್ಟ್ರು.

ಆ ಎರಡು ತಿಂಗಳು ಗಂಡ ಹೆಂಡತಿ ಬಾಯಲ್ಲಿ ಬೇರೆ ಮಾತಿಲ್ಲ. ಪಕ್ಕದ ಓಣಿಯಲ್ಲಿ ಗಾಡಿ ನಿಲ್ಲುತ್ತದೆಯೇ ಎಂದು ಅವನು ಹೆಜ್ಜೆಯಲ್ಲಿ ಅಳೆದು ಬಂದ. ಅವಳು ಕೆಲಸಕ್ಕೆ ಹೋಗುವಾಗಲೂ ಬರುವಾಗಲೂ ಆ ಬೀದಿಯನ್ನೇ ಹಿಡಿದು ನಡೆದಳು. ಒಳಗೆ ಮಾತ್ರ ಹೋಗಲಿಲ್ಲ. ಕೊಟ್ಟ ಗಡುವು ಗಡುವೇ.

ಗಡುವಿನ ದಿನ ಬಾಗಿಲಲ್ಲೇ ವಾಸನೆ ಹೊಡೆಯಿತು. ಆ ವಾಸನೆಯನ್ನು ಅವಳಿಗೆ ಯಾರೂ ಪರಿಚಯ ಮಾಡಿಕೊಡಬೇಕಿಲ್ಲ. ಕಪ್ಪಾಗಿದ್ದ ಅಡುಗೆಮನೆ ಬೆಳ್ಳಗಾಗಿತ್ತು. ಉದುರುತ್ತಿದ್ದ ಮೂಲೆ ಮದುಮಗಳ ಕೆನ್ನೆಯಾಗಿತ್ತು. ನಡುಮನೆಯಲ್ಲಿ ಬಿರುಕೂ ಇಲ್ಲ, ತೇಪೆಯೂ ಇಲ್ಲ, ತಾರೀಖೂ ಇಲ್ಲ. ಮೇಷ್ಟ್ರು ಸ್ಟೂಲಿನ ಮೇಲೆ ಕೂತು ಹೊಸ ಗೋಡೆಗಳನ್ನು ನೋಡಿ ಆನಂದಪಡುತ್ತಿದ್ದರು.

ಅವಳಿಗೆ ಅಡಿಯಿಂದ ಮುಡಿಯವರೆಗೆ ಉರಿದುಹೋಯಿತು.

"ಯಾರನ್ನ ಕೇಳಿ ಹೊಡೆಸಿದ್ರಿ?"

"ನಾನೇನೂ ಹೊಡೆಸಲಿಲ್ಲಮ್ಮ. ಖರ್ಚು ನಂದೇ ಅಂತ ಬ್ರೋಕರ್ ಅಂದ, ಸುಮ್ಮನಾದೆ. ಮನೆ ಯಾರಿಗೂ ಕೊಟ್ಟಿಲ್ಲ, ಮಾತು ಉಳಿಸಿಕೊಂಡಿದ್ದೀನಿ."

ಪುಕ್ಕಟೆ ಸಿಕ್ಕರೆ ನನಗೊಂದಿರಲಿ, ನಮ್ಮಪ್ಪನಿಗೊಂದಿರಲಿ ಎನ್ನುವ ಜಾತಿ. ನಲವತ್ತು ವರ್ಷ ಆ ಮನೆಯನ್ನು ಸುಳ್ಳಿನಿಂದ ಕಾಪಾಡಿದ ಜಿಪುಣತನವೇ ಕೊನೆಯ ವಾರದಲ್ಲಿ ಕೈಕೊಟ್ಟಿತ್ತು. ಬ್ರೋಕರ್ ಒಳಕೋಣೆಯಿಂದ ಹಲ್ಲು ಕಿರಿಯುತ್ತ ಬಂದ.

"ಅಕ್ಕಾ, ನಿಮಗೆ ಅದೇ ರೇಟು, ಒಂದು ರೂಪಾಯಿ ಜಾಸ್ತಿ ಇಲ್ಲ. ಆದ್ರೆ ಇವತ್ತೇ ಹೂಂ ಅನ್ನಬೇಕು. ನಾಳೆ ಬೇರೆಯವರು ನೋಡೋಕೆ ಬರ್ತಾರೆ."

"ಇನ್ನೆರಡು ತಿಂಗಳು ಕೊಡು. ಮತ್ತೆ ತೇಪೆ ಹಾಕ್ತೀನಿ."

"ಎರಡು ದಿನವೂ ಆಗಲ್ಲ. ಈಗ ನೋಡಿದವರೆಲ್ಲ ಕೊಳ್ಳೋರೇ."

ಅವಳು ಚೀಲದಿಂದ ಕೆರೆಯುವ ಪಟ್ಟಿ ತೆಗೆದವಳೇ ಕಿಟಕಿಯ ಮೂಲೆಯಿಂದ ಕೆರೆಯತೊಡಗಿದಳು. ಬ್ರೋಕರ್ ಕೂಗಾಡಿದ, ಮೇಷ್ಟ್ರು "ಅಯ್ಯಯ್ಯೋ ಗೋಡೆ" ಎಂದು ಎದ್ದು ನಿಂತರು. ಅವಳಿಗೆ ಅದೊಂದೂ ಕೇಳಲಿಲ್ಲ. ಬಣ್ಣದಡಿಯಲ್ಲಿ ತನ್ನ ತೇಪೆ ಹಾಗೇ ಇದ್ದರೆ ಸಾಕು, ಇಡಿಯಾಗಿದೆಯೋ ಸೀಳಿದೆಯೋ ಅದೇ ಹೇಳುತ್ತದೆ. ಹೊಸ ಬಣ್ಣ ಸುರುಳಿಸುರುಳಿಯಾಗಿ ಬಿತ್ತು, ಅದರಡಿಯ ಹೊಸ ಪುಟ್ಟಿ ಪುಡಿಪುಡಿಯಾಗಿ ಬಿತ್ತು, ಬಿರುಕು ಕಂಡಿತು. ತೇಪೆ ಇರಲಿಲ್ಲ. ಅದನ್ನು ಬುಡಸಮೇತ ಕೆರೆದು, ಉಜ್ಜಿ, ಒರೆಸಿ, ಆಮೇಲೆ ಬಿರುಕು ತುಂಬಿದ್ದರು. ಅರೆಬರೆ ಕೆಲಸದವರಾಗಿದ್ದರೆ ಅದರ ಮೇಲೇ ಬಳಿದುಬಿಡುತ್ತಿದ್ದರು. ಇಷ್ಟು ಶುದ್ಧವಾಗಿ ಕೆಲಸ ಮಾಡುವವರು ಈ ಊರಲ್ಲಿ ಯಾರ ಕೈಕೆಳಗೆ ಕಲಿತವರೆಂದು ಅವಳಿಗೆ ಗೊತ್ತಿತ್ತು.

ಹಿತ್ತಲಲ್ಲಿ ಕಿಟಕಿಯ ಸರಳುಗಳಿಗೆ ಕೊನೆಯ ಕೈ ಹೊಡೆಯುತ್ತ ಏಣಿ ನಿಂತಿದ್ದಳು. ಏಣಿ ಅಂದರೆ ಎರಡು ಮಕ್ಕಳ ತಾಯಿ, ಬಣ್ಣದಕ್ಕನ ಮೊದಲ ಶಿಷ್ಯೆ. ಸೂರನ್ನು ಸ್ಟೂಲಿಲ್ಲದೆ ಮುಟ್ಟುವಷ್ಟು ಎತ್ತರವಿದ್ದುದರಿಂದ ಬಣ್ಣದಕ್ಕನೇ ಇಟ್ಟ ಹೆಸರು.

"ನಡುಮನೆ ಬಿರುಕಿನ ಮೇಲೆ ತೇಪೆ ಇತ್ತಲ್ಲ, ನೀನೇನಾ ಕೆರೆದಿದ್ದು?"

"ಹೂಂ ಅಕ್ಕಾ. ಉಬ್ಬು ಬಿಟ್ಟು ಬಣ್ಣ ಹೊಡೆದ್ರೆ ಕೈ ಮುರೀತೀನಿ ಅಂತ ನೀವೇ ಹೇಳ್ತಿದ್ರಲ್ಲ."

"ಅದು ಇಡಿಯಾಗಿತ್ತಾ? ಸೀಳಿತ್ತಾ? ಜ್ಞಾಪಿಸಿಕೊಂಡು ಹೇಳು."

ಏಣಿ ಬ್ರಷ್ಷನ್ನು ಡಬ್ಬದ ಅಂಚಿಗೆ ಒರೆಸಿದಳು. ಅವಳಿಗೆ ನಿಜವಾಗಿಯೂ ಅರ್ಥವಾಗಿರಲಿಲ್ಲ.

"ನೋಡಲಿಲ್ಲ ಅಕ್ಕಾ. ಮಾರೋ ಮನೆಯಲ್ಲಿ ಗೋಡೆ ನೋಡಬಾರದು, ನೋಡಿದ್ರೆ ಕೈ ನಿಲ್ಲುತ್ತೆ ಅಂತ ನೀವೇ ಅಲ್ವಾ ಕಲಿಸಿದ್ದು?"

ಬಣ್ಣದಕ್ಕನ ಕೈ ಮೇಲೆದ್ದಿತ್ತು. ಬಾರಿಸಲು ಸರಿಯಾದ ಕೆನ್ನೆ ಅಲ್ಲಿ ಇರಲಿಲ್ಲ. ಕೈ ಇಳಿಸಿ, ನಡುಮನೆಗೆ ಬಂದು ನೆಲಕ್ಕೆ ಬಿದ್ದಿದ್ದ ಪಟ್ಟಿಯನ್ನು ಚೀಲಕ್ಕೆ ಹಾಕಿಕೊಂಡು ಹೊರಟಳು. ಅವಳು ಗೇಟು ದಾಟುವಷ್ಟರಲ್ಲಿ, ಕೆರೆದ ಜಾಗಕ್ಕೆ ಪುಟ್ಟಿ ಕಲಸಲು ಬ್ರೋಕರ್ ಏಣಿಯನ್ನು ಒಳಗೆ ಕರೆದದ್ದು ಕೇಳಿಸಿತು. ಮೂರನೆಯ ದಿನ ಮನೆ ಮಾರಿಹೋಯಿತು.

ಗಡುವಿನ ದಿನ ಸಂಜೆ ಗಂಡನಿಗೆ ಎಲ್ಲ ಹೇಳಿದಾಗ ಅವನು ಸಮಾಧಾನ ಮಾಡಲು ಬಂದ.

"ಹೋಗ್ಲಿ ಬಿಡು. ಅದೊಂದೇ ಮನೆನಾ? ಬೇರೆ ನೋಡೋಣ."

"ಯಾವುದನ್ನ ನೋಡೋದ್ರೀ?" ಎಂದಳು. "ಈ ಊರಲ್ಲಿ ಮಾರೋಕಿಟ್ಟಿರೋ ಮನೆಗೆಲ್ಲ ಬಣ್ಣ ಹೊಡೆಯೋರು ನಮ್ಮ ಹೆಂಗಸರೇ. ಯಾರಿಗೂ ಗೊತ್ತಾಗಬಾರದು ಅಂತ ಕಲಿಸಿದ್ದೆ. ಈಗ ನನಗೂ ಗೊತ್ತಾಗಲ್ಲ."