ತಮ್ಮನ ಕಣ್ಣು ನೋಡಲು ಬಂದವರು

ನನ್ನ ತಮ್ಮ ಉಡುಪಿ–ಕಾರ್ಕಳ ಬಸ್ಸಿನ ಡ್ರೈವರ್ ಆಗಿದ್ದ. ಒಂದು ಮುಸ್ಸಂಜೆ ಹಿರಿಯಡ್ಕದ ಹತ್ತಿರ ಬಸ್ಸನ್ನು ಮೋರಿಕಟ್ಟೆಗೆ ತಾಗಿಸಿದ. ಯಾರಿಗೂ ಏನೂ ಆಗಲಿಲ್ಲ, ದೇವರು ದೊಡ್ಡವನು. ಆದರೆ ಕಟ್ಟೆ ಕಾಣಲೇ ಇಲ್ಲ ಅಂತ ಇವನು ಬಸ್ಸಿನ ಧಣಿಗಳ ಎದುರು ಹೇಳಿಬಿಟ್ಟ. ಅಲ್ಲಿಗೆ ಕೆಲಸ ಹೋಯಿತು. ಮದುವೆ ಆಗಿರಲಿಲ್ಲ, ಕಾಪುವಿನ ನನ್ನ ಮನೆಗೇ ಬಂದ.

ಮಣಿಪಾಲದ ಕಣ್ಣಿನ ಡಾಕ್ಟರು ಸಣ್ಣ ಪ್ರಾಯದ ಹೆಂಗಸು, ಮುಚ್ಚುಮರೆ ಮಾಡಲಿಲ್ಲ. ಕಣ್ಣಿನ ಹಿಂದಿನ ಪದರ ಅಂಚಿನಿಂದ ಸಾಯುತ್ತಾ ಬರುತ್ತಿದೆ, ಇದು ಹುಟ್ಟಿನಿಂದಲೇ ಬಂದದ್ದು, ಇವರ ಕಾಯಿಲೆಗೆ ಸದ್ಯಕ್ಕೆ ಔಷಧ ಇಲ್ಲ ಅಂದರು. ನಾನು ಕೇಳಿಸಿಕೊಂಡೆ, ನಂಬಲಿಲ್ಲ. ಅಷ್ಟು ದೊಡ್ಡ ಕಟ್ಟಡ ಕಟ್ಟಿಕೊಂಡು ಔಷಧ ಇಲ್ಲ ಅಂದರೆ ಯಾರು ನಂಬುತ್ತಾರೆ ಮಾರಾಯ್ರೇ!

ಅಷ್ಟರಲ್ಲಿ ಆ ಆಸ್ಪತ್ರೆಗೂ ವಿದೇಶದ ಒಂದು ಕಣ್ಣಾಸ್ಪತ್ರೆಗೂ ಒಪ್ಪಂದ ಆಯಿತು. ಅಲ್ಲಿಯ ಡಾಕ್ಟರುಗಳು ಆಗಾಗ ಬಂದು ರೋಗಿಗಳನ್ನು ನೋಡುವುದು, ಸಂಶೋಧನೆ ಮಾಡುವುದು, ಇಲ್ಲಿಯವರಿಗೆ ಕಲಿಸುವುದು. ತಮ್ಮನಿಗೆ ಫೋನ್ ಬಂತು. ನಿಮ್ಮ ಕಣ್ಣನ್ನು ಕಲಿಯುವವರಿಗೆ ತೋರಿಸಬಹುದಾ, ಒತ್ತಾಯ ಇಲ್ಲ ಅಂದರು. ಒತ್ತಾಯವಂತೆ! ಫಾರಿನ್ ಡಾಕ್ಟರು ಬರುವಾಗ ನಮ್ಮನ್ನು ಕೇಳಬೇಕಾ? ಕಡಿಯಾಳಿ ಅಮ್ಮನಿಗೆ ಹೂವಿನ ಪೂಜೆ ಹೇಳಿಕೊಂಡೇ ನಾನೂ ಜೊತೆಗೆ ಹೊರಟೆ. ಬಸ್ಸು ಇಂದ್ರಾಳಿ ಏರು ಹತ್ತುವಾಗ ಪಕ್ಕದ ಸೀಟಿನಲ್ಲಿ ಕೂತಿದ್ದ ತಮ್ಮನ ಎಡಗಾಲು ಇಲ್ಲದ ಕ್ಲಚ್ಚನ್ನು ಒತ್ತುತ್ತಿತ್ತು. ನಾನು ಕಿಟಕಿಯ ಹೊರಗೆ ನೋಡಿದೆ.

ಕತ್ತಲೆ ಕೋಣೆಯಲ್ಲಿ ಕಣ್ಣಿಗೆ ಮದ್ದು ಬಿಟ್ಟು ಕೂರಿಸಿದರು. ಕಲಿಯುವ ಡಾಕ್ಟರುಗಳು ಸಾಲಾಗಿ ಬಂದು ಇಣುಕಿದರು. ಎದುರಿನ ಪರದೆಯಲ್ಲಿ ಅವನ ಕಣ್ಣಿನ ಒಳಗು ಕಾಣುತ್ತಿತ್ತು. ಕೆಂಪು ಸಾರಣೆಯ ನೆಲದಲ್ಲಿ ಎಳ್ಳು ಚೆಲ್ಲಿದ ಹಾಗೆ. ವಿದೇಶದ ಡಾಕ್ಟರಮ್ಮ ಅದನ್ನು ತೋರಿಸಿ ಖುಷಿಯಲ್ಲಿ ಏನೋ ಹೇಳಿದರು.

"ಎಂತ ಹೇಳಿದ್ದು?" ಅಂತ ನಮ್ಮ ಡಾಕ್ಟರನ್ನು ಕೇಳಿದೆ.

"ಪುಸ್ತಕದಲ್ಲಿ ಇರುವ ಹಾಗೇ ಉಂಟಂತೆ."

"ಪುಸ್ತಕದಲ್ಲಿ ಉಂಟಾದರೆ ಮದ್ದೂ ಅದರಲ್ಲೇ ಇರಬೇಕಲ್ವಾ? ಕೇಳಿ ನೀವು."

ಅವರು ಹಿಂಜರಿಯುತ್ತಲೇ ಕೇಳಿದರು. ಡಾಕ್ಟರಮ್ಮನ ಖುಷಿ ಇಳಿಯಿತು. ಹತ್ತಿರ ಬಂದು ನನ್ನ ಕೈ ಹಿಡಿದುಕೊಂಡು, ನಮ್ಮ ಊರಿನ ರೋಗಿಗಳಿಗೂ ಇದನ್ನೇ ಹೇಳುತ್ತೇವೆ, ಅಲ್ಲಿಯೂ ಇದಕ್ಕೆ ಔಷಧ ಇಲ್ಲ ಅಂದರು. ಇಲ್ಲಿ ಇಲ್ಲದಿದ್ದರೆ ಅಲ್ಲಿ ಉಂಟು ಅಂತ ಇಷ್ಟು ದಿನ ನಂಬಿದ್ದು. ಅಲ್ಲಿಯೂ ಇಲ್ಲ ಅಂದರೆ ಇನ್ನು ಯಾರ ಬಾಗಿಲು ತಟ್ಟುವುದು? ಜಗಳ ಆಡುವ ಅಂದರೆ ತಪ್ಪು ಮಾಡಿದವರು ಯಾರೂ ಇರಲಿಲ್ಲ.

ಮನೆಗೆ ಬಂದು ತಮ್ಮನಿಗೆ ಬೈದೆ. "ಇನ್ನು ಹೋದರೆ ಕಾಲು ಮುರಿಯುತ್ತೇನೆ. ಅವರು ಕಲಿಯುವುದು, ನೀನು ಕುರುಡಾಗುವುದು. ಯಾವ ನ್ಯಾಯ?"

ಅವನು ನಕ್ಕ. "ಅಕ್ಕ, ಇಡೀ ಜಿಲ್ಲೆಯಲ್ಲಿ ನನ್ನನ್ನು ಬಾ ಅಂತ ಕರೆಯುವುದು ಅವರು ಮಾತ್ರ. ಕರೆದಾಗ ಹೋಗುತ್ತೇನೆ ಬಿಡು."

ಹೋದ, ಪ್ರತಿ ಸಲವೂ ಹೋದ. ಬೈಯುತ್ತಲೇ ನಾನೂ ಹೋದೆ. ಆ ದಿನಗಳಲ್ಲಿ ಅವನು ಹೊಟ್ಟೆ ತುಂಬ ಉಣ್ಣುತ್ತಿದ್ದ, ಬಸ್ಸಿನ ಕಾಲದ ಹಾಗೆ ಹಾಡು ಗುನುಗುತ್ತಿದ್ದ. ಯಾವ ದೇಶದವರು ಎಷ್ಟು ಹೊತ್ತು ಇಣುಕಿದರು ಅಂತ ನೆರೆಮನೆಗೆ ವರದಿ ಬೇರೆ. ನೋಡಿದರೆ ನಗು ಬರುತ್ತಿತ್ತು, ಬಚ್ಚಲಿಗೆ ಹೋಗಿ ಅಳುತ್ತಿದ್ದೆ. ಅಷ್ಟರಲ್ಲಿ ಅನ್ನದ ಬಟ್ಟಲನ್ನೂ ಕೈಯಾಡಿಸಿ ಹುಡುಕುವಷ್ಟಾಗಿತ್ತು ಅವನಿಗೆ.

ಈ ವರ್ಷ ಫೋನ್ ಬರಲಿಲ್ಲ. ಮಳೆಗಾಲ ಕಳೆದ ಮೇಲೆ, ಒಮ್ಮೆ ಫೋನ್ ಮಾಡಿ ಕೇಳು ಅಂತ ಅವನೇ ದುಂಬಾಲು ಬಿದ್ದ. ಮಾಡಿದೆ. ನಮ್ಮ ಡಾಕ್ಟರೇ ಎತ್ತಿದರು. ಈ ಕಾಯಿಲೆಯ ತರಬೇತಿ ಮುಗಿಯಿತಂತೆ, ಈ ಸಲ ಬಂದವರು ತಿಂಗಳು ತುಂಬದೆ ಹುಟ್ಟಿದ ಮಕ್ಕಳ ಕಣ್ಣು ನೋಡುವವರಂತೆ. "ತಪಾಸಣೆಗೆ ಯಾವಾಗಲೂ ಬನ್ನಿ" ಅಂತ ಪಾಪ, ಎರಡೆರಡು ಸಲ ಹೇಳಿದರು.

ತಮ್ಮ ಚಾವಡಿಯಲ್ಲಿ ಕೂತಿದ್ದ. ಕೇಳಿದ್ದನ್ನು ಕೇಳಿದ ಹಾಗೇ ಹೇಳಿದೆ. ಅವನು ಮುಖವನ್ನು ನಾನಿಲ್ಲದ ಕಡೆಗೆ ತಿರುಗಿಸಿ ಕೇಳಿದ: "ಹಾಗಾದರೆ ನನ್ನ ಕಣ್ಣು ಅವರಿಗೆ ಪೂರ್ತಿ ಅರ್ಥ ಆಯಿತಾ ಅಕ್ಕ?"

ಆಯಿತಂತೆ ಅಂದೆ.